ಕಳೆದ ಎರಡು ವಾರ ಹೇಗಿದ್ದಿರಿ?

ನನ್ನ ಬದುಕಿಗೆ 224ಕ್ಕೆ 181 ಅಂಕ ಬಂದಿತ್ತು. ಎಸ್ಸೆಸ್ಸೆಲ್ಸಿ ಲೆಕ್ಕದಲ್ಲಿ ಫಸ್ಟ್ ಕ್ಲಾಸು. ಅಂಕ ಕೊಟ್ಟುಕೊಂಡವನು ನಾನೇ. ಹುರುಳಿಕಾಯಿ ತಟ್ಟೆ ಹಿಡಕೊಂಡು ಪಕ್ಕದಲ್ಲಿ ಬಂದು ಕೂತ ಅಮ್ಮ, ಒಂದು ಗಂಟೆಯೊಳಗೆ ಅದನ್ನು 158ಕ್ಕೆ ಇಳಿಸಿದಳು.

ಮೊದಲು ಒಂದು ಎಚ್ಚರಿಕೆ. ತಿಂಡಿ ತಿನ್ನುತ್ತಾ ಫೋನ್‌ನಲ್ಲಿ ಇದನ್ನು ಓದುತ್ತಿದ್ದರೆ ಕ್ಷಮಿಸಿ, ಮುಂದೆ ಸಂಡಾಸಿನ ವಿಷಯ ತುಂಬಾ ಬರುತ್ತೆ. (ನಿಮ್ಮಲ್ಲಿ ಕೆಲವರು ಅಲ್ಲೇ ಕೂತು ಓದ್ತಿದ್ದೀರಿ ಅಂತಲೂ ಗೊತ್ತು.)

ನನಗೆ ಅಲ್ಸರೇಟಿವ್ ಕೊಲೈಟಿಸ್ ಇದೆ. ನಾಲ್ಕು ವರ್ಷ ಆಯ್ತು. ಐಬಿಡಿ ಅಂತ ಕರೆಯೋ ಕರುಳಿನ ಉರಿಯೂತದ ಕಾಯಿಲೆಗಳಲ್ಲಿ ಮುಖ್ಯವಾದವು ಎರಡು. ಒಂದು ಕ್ರೋನ್ಸ್, ಅದು ಬಾಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಬರಬಹುದು. ಇನ್ನೊಂದು ನನ್ನದು, ದೊಡ್ಡ ಕರುಳಿಗೆ ಮಾತ್ರ ಅಂಟಿಕೊಳ್ಳುವಂಥದ್ದು. ನಮ್ಮದೇ ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ ಕರುಳಿನ ಒಳಪದರದ ಮೇಲೆ ತಿರುಗಿಬೀಳುತ್ತೆ, ಹುಣ್ಣಾಗುತ್ತೆ, ರಕ್ತ ಹೋಗುತ್ತೆ. ಪೂರ್ತಿ ವಾಸಿ ಆಗಲ್ಲ. ತಿಂಗಳುಗಟ್ಟಲೆ ತಣ್ಣಗಿರುತ್ತೆ, ಮತ್ತೆ ಕೆರಳುತ್ತೆ. ಹೆಚ್ಚಾಗಿ ಶುರುವಾಗೋದು ಹದಿನೈದರಿಂದ ಮೂವತ್ತೈದರ ಒಳಗೆ. ಅಂದ್ರೆ ಕಾಲೇಜು, ಕೆಲಸ, ಮದುವೆ ಅಂತೆಲ್ಲ ಓಡಾಡೋ ವಯಸ್ಸಲ್ಲೇ. ಹೆಸರಿನಲ್ಲಿ ಒಂದಕ್ಷರ ಬದಲಾಗಿರೋ ಐಬಿಎಸ್ ಬೇರೆ ಕಾಯಿಲೆ. ಆಫೀಸ್‌ನಲ್ಲಿ ಯಾರಿಗೋ ಹೇಳಿದರೆ ‘ಓ, ನಂಗೂ ಅದೇ, ಟೆನ್ಷನ್ ಆದ್ರೆ ಓಡ್ತೀನಿ’ ಅಂತಾರೆ. ನಾನೂ ತಲೆಯಾಡಿಸ್ತೀನಿ. ವಿವರಿಸೋಕೆ ಹೋದ್ರೆ ಕಾಫಿ ಆರಿಹೋಗುತ್ತೆ.

ಕಳೆದ ಸಲ ಚೆಕಪ್‌ಗೆ ಹೋದಾಗ ಅಲ್ಲೊಬ್ಬರು ಪಿಜಿ ಡಾಕ್ಟರ್ ಇದ್ದರು. ನನಗಿಂತ ಚಿಕ್ಕ ಹುಡುಗಿ. ತಮ್ಮ ಥೀಸಿಸ್‌ಗೆ ಅಂತ ನಾಲ್ಕು ಪುಟದ ಫಾರ್ಮ್ ಕೊಟ್ಟು, ‘ಮನೆಗೆ ತಗೊಂಡು ಹೋಗಿ ಸರ್, ನಿಧಾನಕ್ಕೆ ತುಂಬಿ. ಕಳೆದ ಎರಡು ವಾರ ಹೇಗಿದ್ರಿ ಅಷ್ಟನ್ನೇ ಬರೀಬೇಕು’ ಅಂದರು. ಒಟ್ಟು 32 ಪ್ರಶ್ನೆ. ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ. 1 ಅಂದ್ರೆ ಸದಾ ಕಾಡ್ತು, 7 ಅಂದ್ರೆ ಒಂದು ಸಲವೂ ಕಾಡಲಿಲ್ಲ. ಎಲ್ಲ ಕೂಡಿಸಿದರೆ ಅತಿ ಕಡಿಮೆ 32, ಅತಿ ಹೆಚ್ಚು 224. (ಎಷ್ಟೇ ನರಳಿದ್ರೂ ಸೊನ್ನೆ ಬರಲ್ಲ ಅನ್ನೋದೊಂದು ಸಮಾಧಾನ. ಹಾಗಾಗಿ ಮೇಲೆ ಫಸ್ಟ್ ಕ್ಲಾಸು ಅಂದಿದ್ದು ತಪ್ಪು ಲೆಕ್ಕ, ಬಿಡಿ.)

ಈ ಫಾರ್ಮ್‌ಗೆ ಐಬಿಡಿಕ್ಯೂ ಅಂತ ಹೆಸರು. ಹುಟ್ಟಿದ್ದು ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ, 1989ರಲ್ಲಿ. ಗಾರ್ಡನ್ ಗಯಾಟ್ ಮತ್ತವರ ಜೊತೆಯವರು ಮಾಡಿದ್ದು. ‘ಎವಿಡೆನ್ಸ್ ಬೇಸ್ಡ್ ಮೆಡಿಸಿನ್’ ಅನ್ನೋ ಮಾತನ್ನು ಚಲಾವಣೆಗೆ ತಂದ ಮನುಷ್ಯನೂ ಇವರೇ. ಅವರು ಮಾಡಿದ ಕೆಲಸ ಕೇಳೋಕೆ ಸರಳ. ಏನು ಮುಖ್ಯ ಅಂತ ಡಾಕ್ಟರುಗಳು ಕೂತು ತೀರ್ಮಾನಿಸೋ ಬದಲು, ಕಾಯಿಲೆ ಇರೋರನ್ನೇ ಕೇಳಿದರು: ನಿಮ್ಮನ್ನು ಏನೇನು ಕಾಡುತ್ತೆ? ಎಷ್ಟು ಕಾಡುತ್ತೆ? ಉದ್ದದ ಪಟ್ಟಿ ಬಂತು. ಅದರಲ್ಲಿ ಹೆಚ್ಚು ಜನರನ್ನು, ಹೆಚ್ಚು ತೀವ್ರವಾಗಿ ಕಾಡಿದ್ದನ್ನು ಉಳಿಸಿಕೊಂಡರು. ಹಾಗೆ ಉಳಿದ 32ರಲ್ಲಿ ಕರುಳಿನ ತೊಂದರೆಗೆ 10, ಸುಸ್ತು-ನಿದ್ದೆ-ತೂಕದಂಥವಕ್ಕೆ 5, ಜನರ ಜೊತೆ ಬೆರೆಯೋದಕ್ಕೆ 5, ಮನಸ್ಸಿಗೆ 12. ಗಮನಿಸಿ, ಹೊಟ್ಟೆ ಕಾಯಿಲೆಯ ಫಾರ್ಮ್‌ನಲ್ಲಿ ಹೊಟ್ಟೆಗಿಂತ ಮನಸ್ಸಿನ ಪ್ರಶ್ನೆ ಜಾಸ್ತಿ. ರೋಗಿಗಳನ್ನ ಕೇಳಿದ್ದಕ್ಕೇ ಹಾಗಾಗಿದ್ದು.

ಅದಕ್ಕೆ ಮುಂಚೆ ಡಾಕ್ಟರುಗಳು ಅಳೀತಿರಲಿಲ್ಲ ಅಂತಲ್ಲ. ನನ್ನ ಕಾಯಿಲೆಗೆ ಇವತ್ತಿಗೂ ಬಳಸೋ ಮೇಯೋ ಸ್ಕೋರ್ 1987ರದ್ದು. ದಿನಕ್ಕೆ ಎಷ್ಟು ಸಲ ಹೋಗ್ತೀಯ, ರಕ್ತ ಎಷ್ಟು, ಕ್ಯಾಮೆರಾ ಹಾಕಿ ನೋಡಿದಾಗ ಕರುಳು ಹೇಗಿದೆ, ಒಟ್ಟಾರೆ ಡಾಕ್ಟರ್ ಅಭಿಪ್ರಾಯ ಏನು. ನಾಲ್ಕಕ್ಕೂ ಮೂರು ಮೂರು ಅಂಕ, ಒಟ್ಟು 12. ಎಷ್ಟು ಸಲ ಅಂತ ಕೇಳುತ್ತೆ. ಎಷ್ಟು ಅರ್ಜೆಂಟ್ ಅಂತ ಕೇಳಲ್ಲ. ಇದು ಈ ಕಾಯಿಲೆ ಇರೋರಿಗೆ ತಕ್ಷಣ ಅರ್ಥ ಆಗುತ್ತೆ. ದಿನಕ್ಕೆ ಮೂರು ಸಲ ಹೋಗೋದು ದೊಡ್ಡ ವಿಷಯವೇ ಅಲ್ಲ. ಆ ಮೂರರಲ್ಲಿ ಒಂದು ಸಲ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ, ಎರಡು ನಿಮಿಷದ ನೋಟೀಸ್ ಕೊಟ್ಟು ಬಂದರೆ?

ಸರಿ, ಫಾರ್ಮ್. ಭಾನುವಾರ ಬೆಳಗ್ಗೆ ಹಾಲ್‌ನಲ್ಲಿ ಕೂತು ಹತ್ತು ನಿಮಿಷದಲ್ಲಿ ಟಕಟಕ ಅಂತ ಟಿಕ್ ಹಾಕಿ ಮುಗಿಸಿದೆ. ಫೋನ್‌ನಲ್ಲಿ ಕೂಡಿಸಿದೆ. 181. ಹುಡುಕಿ ನೋಡಿದರೆ, 170ಕ್ಕಿಂತ ಮೇಲಿದ್ದರೆ ಕಾಯಿಲೆ ಹಿಡಿತದಲ್ಲಿದೆ ಅಂತ ಸಾಮಾನ್ಯವಾಗಿ ಲೆಕ್ಕ. ಖುಷಿಯಾಯ್ತು. ಅಮ್ಮನಿಗೆ ಹೇಳಿದೆ.

‘ಏನು ಕೇಳಿದಾರೆ, ಓದು ನೋಡೋಣ’ ಅಂದಳು.

ಅಮ್ಮ ಸರ್ಕಾರಿ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಟೀಚರ್ ಆಗಿದ್ದವಳು. ಅವಳ ಕಣ್ಣೆದುರು ಅಂಕಪಟ್ಟಿ ಇಡಬಾರದಿತ್ತು. ಆದ್ರೆ ನನಗೂ ಅವತ್ತು ಬೇರೆ ಕೆಲಸ ಇರಲಿಲ್ಲ. ಅವಳು ಹುರುಳಿಕಾಯಿ ನಾರು ತೆಗೀತಾ ಇದ್ದಳು, ನಾನು ಒಂದೊಂದೇ ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿ ಹೇಳ್ತಾ ಹೋದೆ.

ಇಂಥ ಫಾರ್ಮ್‌ಗಳನ್ನು ಇನ್ನೊಂದು ಭಾಷೆಗೆ ತರೋದಕ್ಕೆ ಕಟ್ಟುನಿಟ್ಟಾದ ಕ್ರಮ ಇದೆ. ಒಬ್ಬರು ಅನುವಾದ ಮಾಡ್ತಾರೆ. ಮೂಲ ನೋಡದ ಇನ್ನೊಬ್ಬರು ಅದನ್ನು ವಾಪಸ್ ಇಂಗ್ಲಿಷಿಗೆ ತಿರುಗಿಸ್ತಾರೆ. ಎರಡನ್ನೂ ತಾಳೆ ನೋಡಿ, ರೋಗಿಗಳ ಮುಂದಿಟ್ಟು ಅವರಿಗೆ ಅರ್ಥ ಆಯ್ತಾ ಅಂತ ಪರೀಕ್ಷಿಸ್ತಾರೆ. ನಮ್ಮನೆಯದು ಹುರುಳಿಕಾಯಿ ಅನುವಾದ. ಆದರೂ ಒಂದು ವಿಷಯ ಗೊತ್ತಾಯ್ತು. ಹೊಟ್ಟೆಯ ಪ್ರಶ್ನೆಗಳಿಗೆ ಕನ್ನಡ ಒಂಚೂರೂ ತಡವರಿಸಲಿಲ್ಲ. ನುಲಿತ, ಉಬ್ಬರ, ತೊಳಸೋದು, ಹೋದ್ರೂ ಹೋಗಬೇಕು ಅನ್ನಿಸೋದು, ಎಲ್ಲಕ್ಕೂ ಅಜ್ಜಿ ಕಾಲದ ಮಾತು ಸಿದ್ಧವಾಗಿತ್ತು. ಮನಸ್ಸಿನ ಪ್ರಶ್ನೆ ಬಂದಾಗ ಸಿಕ್ಕಿಹಾಕಿಕೊಂಡೆ. ಡಿಪ್ರೆಸ್ಡ್, ಫ್ರಸ್ಟ್ರೇಟೆಡ್, ಇರಿಟಬಲ್, ಅಪ್‌ಸೆಟ್. ನಾಲ್ಕಕ್ಕೂ ನಾನು ‘ಬೇಜಾರು’ ಅಂದೆ. ‘ಒಂದೇ ಪ್ರಶ್ನೆ ಎಷ್ಟು ಸಲ ಕೇಳ್ತಾರೋ’ ಅಂದಳು ಅಮ್ಮ.

ರಾತ್ರಿ ನಿದ್ದೆಯ ಪ್ರಶ್ನೆ ಬಂತು. ನಾನು 6 ಕೊಟ್ಟಿದ್ದೆ.

‘ರಾತ್ರಿ ಎದ್ದೇ ಇಲ್ವಾ ನೀನು?’

‘ಒಂದ್ಸಲ ಎರಡ್ಸಲ ಅಷ್ಟೇ.’

‘ದಿನಾ ಮೂರೂವರೆಗೆ ಚಿಲಕದ ಸದ್ದು ಕೇಳುತ್ತೆ ನಂಗೆ. ಆಮೇಲೆ ನೀನು ಬಂದು ಮಲಗೋವರೆಗೂ ನಂಗೂ ನಿದ್ದೆ ಬರಲ್ಲ.’

ನನಗೆ ಅದು ಗೊತ್ತಿರಲಿಲ್ಲ. ಅವಳು ಎಚ್ಚರ ಇರೋದಂತೂ ಗೊತ್ತಿರಲೇ ಇಲ್ಲ. ಆದರೆ ನಾನು ದಿನಾ ಏಳೋದೂ ನನಗೆ ಗೊತ್ತಿರಲಿಲ್ಲ ಅಂದ್ರೆ ನೀವು ನಂಬಬೇಕು. ನಾಲ್ಕು ವರ್ಷ ಆದಮೇಲೆ ಅದು ತೊಂದರೆ ಅನ್ನೋ ಲೆಕ್ಕದಿಂದ ಹೊರಗೆ ಹೋಗಿಬಿಟ್ಟಿತ್ತು. ರಾತ್ರಿ ಮಗ್ಗುಲು ಬದಲಾಯಿಸಿದ್ದನ್ನ ಯಾರು ಎಣಿಸ್ತಾರೆ? ಬದುಕನ್ನ ಅಳೆಯೋರು ಇದಕ್ಕೂ ಒಂದು ಹೆಸರಿಟ್ಟಿದ್ದಾರೆ, ರೆಸ್ಪಾನ್ಸ್ ಶಿಫ್ಟ್ ಅಂತ. ಕಾಯಿಲೆ ಅಷ್ಟೇ ಇರುತ್ತೆ. ಅಳೆಯೋ ಮನುಷ್ಯನ ಒಳಗಿರೋ ಅಳತೆಗೋಲು ಸದ್ದಿಲ್ಲದೆ ಉದ್ದವೋ ಗಿಡ್ಡವೋ ಆಗಿರುತ್ತೆ. 6 ಹೊಡೆದು 4 ಮಾಡಿದೆ.

28ನೇ ಪ್ರಶ್ನೆ ಬಂದಾಗ ಸುಮ್ಮನೆ 29ಕ್ಕೆ ಹಾರಿದೆ.

‘ಒಂದು ಬಿಟ್ಟೆ.’

‘ಅದು ಮದುವೆ ಆದೋರಿಗೆ ಅಮ್ಮ.’

‘ಓ’ ಅಂದಳು. ಹುರುಳಿಕಾಯಿ ಮುರಿಯೋ ವೇಗ ಸ್ವಲ್ಪ ಜಾಸ್ತಿ ಆಯ್ತು.

ನಿಜವಾದ ಜಗಳ ಶುರುವಾಗಿದ್ದು ಮೂರು ಪ್ರಶ್ನೆಗಳ ಮೇಲೆ. 8ನೇದು, ಕಾಯಿಲೆಯಿಂದಾಗಿ ಯಾವುದಾದರೂ ಕಾರ್ಯಕ್ರಮ ಮುಂದೂಡಿದಿರಾ, ರದ್ದು ಮಾಡಿದಿರಾ? 11ನೇದು, ಟಾಯ್ಲೆಟ್ ಸಿಗುತ್ತೋ ಇಲ್ವೋ ಅನ್ನೋ ಚಿಂತೆ ಎಷ್ಟು? 16ನೇದು, ಹತ್ತಿರ ಟಾಯ್ಲೆಟ್ ಇಲ್ಲ ಅಂತ ಎಲ್ಲಿಗಾದರೂ ಹೋಗೋದು ತಪ್ಪಿಸಿದಿರಾ? ಮೂರಕ್ಕೂ ನನ್ನ ಉತ್ತರ 7. ಇಲ್ಲ, ಇಲ್ಲ, ಇಲ್ಲ.

ಅಮ್ಮ ತಟ್ಟೆ ಕೆಳಗಿಟ್ಟಳು.

‘ಎಲ್ಲಿಗೆ ಹೋಗಿದ್ಯೋ ನೀನು, ತಪ್ಪಿಸೋಕೆ?’

ನನಗೆ ತಕ್ಷಣ ಉತ್ತರ ಹೊಳೀಲಿಲ್ಲ. ಫಾರ್ಮ್ ಕೇಳಿದ್ದು ಎರಡು ವಾರದ್ದು. ಎರಡು ವಾರದಲ್ಲಿ ನಾನು ಯಾವ ಕಾರ್ಯಕ್ರಮವನ್ನೂ ರದ್ದು ಮಾಡಿರಲಿಲ್ಲ. ಯಾವುದಕ್ಕೂ ಒಪ್ಪಿಕೊಂಡೇ ಇರಲಿಲ್ಲವಲ್ಲ. ವರ್ಕ್ ಫ್ರಂ ಹೋಂ. ಆಫೀಸಿಗೆ ಹೋಗೋದು ವಾರಕ್ಕೊಂದು ದಿನ, ಅದೂ ಬೆಳಗ್ಗೆಯಿಂದ ಏನೂ ತಿನ್ನದೆ. ಸಂಜೆ ವಾಕಿಂಗ್ ಅಂದ್ರೆ ಮನೆಯಿಂದ ಪೆಟ್ರೋಲ್ ಬಂಕ್, ಪೆಟ್ರೋಲ್ ಬಂಕಿಂದ ಮನೆ. ಆ ಬಂಕ್‌ನ ಹುಡುಗ ನನಗೆ ಪರಿಚಯ. ದರ್ಶಿನಿಗಳಿಗೆ ಹೋಗೋದು ಬಿಟ್ಟು ಎಷ್ಟೋ ದಿನ ಆಯ್ತು. ಎಷ್ಟೋ ಕಡೆ ಕೈ ತೊಳೆಯೋ ಬೇಸಿನ್ ಬಿಟ್ಟರೆ ಇನ್ನೇನೂ ಇರಲ್ಲ. ಕಾಲೇಜು ಗೆಳೆಯರ ಗ್ರೂಪಲ್ಲಿ ಟ್ರೆಕ್ ಪ್ಲಾನ್ ಆದಾಗ ಮೊದಮೊದಲು ‘ನೀನು ಬರ್ತೀಯೇನೋ’ ಅಂತ ಕೇಳೋರು. ಈಗ ಟ್ರೆಕ್ ಮುಗಿದ ಮೇಲೆ ಫೋಟೋ ಬರುತ್ತೆ. ಚಿಂತೆ ಇತ್ತಾ ಅಂದ್ರೆ, ನಿಜವಾಗಿಯೂ ಇರಲಿಲ್ಲ. ನಾನಿದ್ದ ಜಾಗದಿಂದ ಟಾಯ್ಲೆಟ್ ಯಾವಾಗಲೂ ಹನ್ನೆರಡು ಹೆಜ್ಜೆ ದೂರದಲ್ಲಿತ್ತು.

181 ಹೇಗೆ ಬಂತು ಅಂತ ಆಗ ಗೊತ್ತಾಯ್ತು. ನಾನು ಹುಷಾರಾಗಿರಲಿಲ್ಲ. ಕಾಯಿಲೆಯ ಅಳತೆಗೆ ಸರಿಯಾಗಿ ಬದುಕನ್ನ ಕತ್ತರಿಸಿ ಹೊಲಿದುಕೊಂಡಿದ್ದೆ. ಎಲ್ಲೂ ಬಿಗಿಯಾಗ್ತಿರಲಿಲ್ಲ, ಅಷ್ಟೇ.

‘ಜಯಾ ಮನೆ ಗೃಹಪ್ರವೇಶ’ ಅಂದಳು ಅಮ್ಮ. ಅಷ್ಟೇ ಅಂದಿದ್ದು.

ಜಯಕ್ಕ ನನ್ನ ಅಕ್ಕ, ಶಿವಮೊಗ್ಗದಲ್ಲಿದ್ದಾಳೆ. ಎರಡು ವರ್ಷದ ಹಿಂದೆ ಅವಳು ಮನೆ ಕಟ್ಟಿಸಿದಾಗ ನಾನು ಹೋಗಲಿಲ್ಲ. ಕಾರಣ ಕೇಳಿದ್ದಕ್ಕೆ ಆಫೀಸಲ್ಲಿ ರಿಲೀಸ್ ಇದೆ ಅಂದೆ. ನಿಜವಾದ ಕಾರಣ ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ. ಬೇರೆಯವರಿಗೆ ಅವು ಊರುಗಳು. ನನಗೆ ಒಂದೊಂದೂ ‘ಮುಂದಿನದು ಎಷ್ಟು ದೂರ’ ಅನ್ನೋ ಪ್ರಶ್ನೆ. ಭಾವ ಕಾರ್ ಕಳಿಸ್ತೀನಿ ಅಂದಿದ್ದರು. ಕಾರು ಅಂದ್ರೆ ಇನ್ನೂ ಭಯ. ಭಾವನ ಪಕ್ಕ ಕೂತು, ಹದಿನೈದು ನಿಮಿಷಕ್ಕೊಂದು ಸಲ ‘ಸ್ವಲ್ಪ ನಿಲ್ಲಿಸ್ತೀರಾ’ ಅನ್ನೋದು ಹೇಗೆ? ಅಕ್ಕನಿಗೆ ನನ್ನ ಕಾಯಿಲೆ ‘ಏನೋ ಗ್ಯಾಸ್ಟ್ರಿಕ್’ ಅಂತಷ್ಟೇ ಗೊತ್ತು. ಅವಳಿಗೆ ಹೇಳಬಾರದು ಅಂತ ಅಮ್ಮನಿಂದ ಮಾತು ತಗೊಂಡಿದ್ದೆ. ತಮ್ಮ ಬೆಂಗಳೂರಿನವನಾಗಿಬಿಟ್ಟ, ದೊಡ್ಡ ಮನುಷ್ಯ ಅಂತ ಅಕ್ಕ ಚಿಕ್ಕಮ್ಮನ ಹತ್ತಿರ ಹೇಳಿಕೊಂಡಿದ್ದು ನನ್ನ ಕಿವಿಗೂ ಬಿತ್ತು. ಆಮೇಲೆ ಫೋನ್ ಕಡಿಮೆಯಾಯ್ತು.

8ನೇ ಪ್ರಶ್ನೆಗೆ 3, 11ಕ್ಕೆ 3, 16ಕ್ಕೆ 2. ನಾಚಿಕೆ, ಹವ್ಯಾಸ, ಬದುಕಿನ ಬಗ್ಗೆ ತೃಪ್ತಿ ಅಂತ ಕೇಳಿದ ಕಡೆ ಇನ್ನಷ್ಟು ಹೋಯ್ತು. ಕೂಡಿಸಿದರೆ 158. 23 ಅಂಕ ಖೋತಾ. ಈ ಫಾರ್ಮ್‌ನಲ್ಲಿ 16 ಅಂಕ ಹೆಚ್ಚು ಕಡಿಮೆ ಆದರೆ ರೋಗಿಗೇ ಗೊತ್ತಾಗುವಂಥ ಬದಲಾವಣೆ ಅಂತ ಎಣಿಕೆ, ಅಂದ್ರೆ ಪ್ರಶ್ನೆಗೆ ಸರಾಸರಿ ಅರ್ಧ ಅಂಕ. ಹೊಸ ಔಷಧಿ ಕೆಲಸ ಮಾಡ್ತಾ ಅಂತ ನೋಡೋ ಪ್ರಯೋಗಗಳಲ್ಲೂ ಅಷ್ಟು ಏರಿದರೆ ಗುಣ ಕಂಡಿದೆ ಅಂತಾರೆ. ನನ್ನ ಕರುಳು ಬೆಳಗ್ಗೆಯಿಂದ ಹಾಗೇ ಇತ್ತು. ಹುರುಳಿಕಾಯಿ ಮುಗಿಯೋದರೊಳಗೆ 23 ಇಳಿದಿತ್ತು.

ಎಲ್ಲ ಮುಗಿದ ಮೇಲೆ ಅಮ್ಮ ಕೇಳಿದ್ದು: ‘ಊಟದ ಬಗ್ಗೆ ಕೇಳೇ ಇಲ್ವಲ್ಲೋ!’

ಹೌದು. ತೂಕದ ಬಗ್ಗೆ ಇದೆ, ಊಟದ ಬಗ್ಗೆ 32ರಲ್ಲಿ ಒಂದೂ ಇಲ್ಲ. ಏನು ತಿಂದರೆ ಏನಾಗುತ್ತೋ ಅನ್ನೋ ಹೆದರಿಕೆ, ಎಲೆ ಮುಂದೆ ಕೂತು ‘ಬೇಡ’ ಅನ್ನೋದು, ‘ಯಾಕೆ, ನಮ್ಮನೆ ಊಟ ಸೇರಲ್ವಾ’ ಅಂತ ಕೇಳಿಸಿಕೊಳ್ಳೋದು. ನಮ್ಮ ಕಡೆ ಒಬ್ಬ ಮನುಷ್ಯನ ಬದುಕು ಹೇಗಿದೆ ಅಂತ ತಿಳ್ಕೋಬೇಕಾದ್ರೆ ಮೊದಲು ಕೇಳೋದೇ ‘ಊಟ ಆಯ್ತಾ’ ಅಂತ. ಈ ಕೊರತೆ ಬೇರೆಯವರಿಗೂ ಕಂಡಿದೆ. ಊಟಕ್ಕೆ ಅಂತಲೇ ಬೇರೆ ಪ್ರಶ್ನಾವಳಿಯನ್ನ ಆಮೇಲೆ ಬ್ರಿಟನ್ನಿನಲ್ಲಿ ಮಾಡಿದ್ದಾರೆ. ಚಿಕ್ಕ ಫಾರ್ಮ್‌ಗಳೂ ಇವೆ. 1996ರಲ್ಲಿ ಬಂದ ಹತ್ತು ಪ್ರಶ್ನೆಯ ಚಿಕ್ಕ ಐಬಿಡಿಕ್ಯೂ ಇದೆ. 2017ರಲ್ಲಿ ಬಂದ ಐಬಿಡಿ ಡಿಸ್ಕ್ ನನಗಿಷ್ಟ. ನಿದ್ದೆ, ಶಕ್ತಿ, ಕೆಲಸ, ಕೀಲುನೋವು ಅಂತ ಹತ್ತು ವಿಷಯ, ಒಂದೊಂದಕ್ಕೂ ಹತ್ತರವರೆಗೆ ಅಂಕ. ಚುಕ್ಕೆಗಳನ್ನ ಸೇರಿಸಿದರೆ ರಂಗೋಲಿ ಥರ ಒಂದು ಆಕಾರ ಬರುತ್ತೆ. ಆಕಾರ ದೊಡ್ಡದಾದಷ್ಟೂ ತೊಂದರೆ ಜಾಸ್ತಿ. ಡಾಕ್ಟರ್ ಒಂದು ಸಲ ಕಣ್ಣು ಹಾಯಿಸಿದರೆ ಎಲ್ಲಿ ಚಾಚಿಕೊಂಡಿದೆ ಅಂತ ಕಾಣುತ್ತೆ.

ಮುಂದಿನ ವಿಸಿಟ್‌ನಲ್ಲಿ ಹೊಡೆದು ತಿದ್ದಿದ ಫಾರ್ಮ್ ನೋಡಿ ಪಿಜಿ ಡಾಕ್ಟರ್ ಗಲಿಬಿಲಿಯಾದರು. ನಡೆದದ್ದು ಹೇಳಿದೆ. ನಕ್ಕರು. ಆಮೇಲೆ ಗಂಭೀರವಾಗಿ, ‘ಸರ್, ನಿಯಮ ಏನಂದ್ರೆ ನಿಮ್ಮ ಉತ್ತರ ಮಾತ್ರ ಬೇಕು. ಅಮ್ಮಂದಲ್ಲ’ ಅಂದರು.

ಅವರು ಹೇಳಿದ್ದು ಸರಿ. ಈ ಫಾರ್ಮ್ ಇರೋದೇ ಅದಕ್ಕೆ. ಡಾಕ್ಟರ್ ಏನಂದುಕೊಂಡರು, ಮನೆಯವರು ಏನಂದುಕೊಂಡರು ಅನ್ನೋದನ್ನ ಪಕ್ಕಕ್ಕಿಟ್ಟು ನೀನು ಹೇಳಪ್ಪ ಅಂತ ಕೇಳೋಕೆ. ಮೂವತ್ತೆರಡು ವಯಸ್ಸಿನವನು ತನ್ನ ಬದುಕಿನ ಅಂಕವನ್ನ ಅಮ್ಮನ ಕೈಯಲ್ಲಿ ಹಾಕಿಸಿಕೊಂಡು ಬಂದರೆ ಅದು ಲೆಕ್ಕಕ್ಕೆ ಬರಲ್ಲ.

‘ಯಾವುದು ನಿಮ್ಮ ಉತ್ತರ?’

ನಿಜ ಹೇಳಬೇಕಂದ್ರೆ ಎರಡೂ ನನ್ನದೇ. 181 ಸುಳ್ಳಲ್ಲ. ಆ ಎರಡು ವಾರ ನಾನು ನೆಮ್ಮದಿಯಾಗೇ ಇದ್ದೆ. ಸ್ವಲ್ಪ ಹೊತ್ತು ಯೋಚಿಸಿ ತಿದ್ದಿದ್ದೇ ಇರಲಿ ಅಂದೆ. ಅವರು ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಏನೋ ಬರೆದುಕೊಂಡರು.

ಒಳಗೆ ದೊಡ್ಡ ಡಾಕ್ಟರ್ ಹತ್ತಿರ ಹೋದೆ. ಅವರ ಕಂಪ್ಯೂಟರ್‌ನಲ್ಲಿ ನಾನು ಬಹಳ ಚೆನ್ನಾಗಿದ್ದೆ. ಮಲದಲ್ಲಿ ಉರಿಯೂತ ಹೇಳೋ ಕ್ಯಾಲ್ಪ್ರೊಟೆಕ್ಟಿನ್ ಇಳಿದಿತ್ತು, ಹಿಮೋಗ್ಲೋಬಿನ್ ಏರಿತ್ತು, ಕೊಲೊನೋಸ್ಕೋಪಿಯಲ್ಲಿ ಹುಣ್ಣು ಒಣಗಿತ್ತು. ‘ವೆರಿ ಗುಡ್’ ಅಂದರು. ನಾಲ್ಕು ವರ್ಷದಲ್ಲಿ ಮೊದಲ ಸಲ ನಾನು ಎದ್ದು ಹೊರಡಲಿಲ್ಲ. ಹೊರಗೆ ಹೋಗೋದು ಬಿಟ್ಟಿದ್ದೀನಿ ಸರ್, ಅಂದೆ. ಎಲ್ಲಿಗೆ? ಎಲ್ಲಿಗೂ. ಅವರು ಮೌಸ್ ಬಿಟ್ಟು ನನ್ನ ಕಡೆ ತಿರುಗಿದರು.

ಆಮೇಲೆ ಅವರು ಹೇಳಿದ್ದನ್ನ ಇಲ್ಲಿ ಬರೀಲೇಬೇಕು, ಯಾಕಂದ್ರೆ ಇದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಹುಣ್ಣು ಒಣಗಿದ ಮೇಲೂ ಗುದನಾಳ ಮೊದಲಿನ ಥರ ಹಿಗ್ಗದೆ ಇರಬಹುದು. ಹಾಗಾಗಿ ಸ್ವಲ್ಪ ತುಂಬಿದರೂ ಅರ್ಜೆಂಟ್ ಆಗುತ್ತೆ. ಅದಕ್ಕೆ ತಡೆಯೋ ಸ್ನಾಯುಗಳಿಗೆ ವ್ಯಾಯಾಮ ಇದೆ, ಕಲಿಸೋ ಫಿಸಿಯೋಗಳಿದ್ದಾರೆ. ಭಯಕ್ಕೂ ಬೇರೆ ಚಿಕಿತ್ಸೆ ಇದೆ. ಐಬಿಡಿ ತಜ್ಞರ ಅಂತಾರಾಷ್ಟ್ರೀಯ ಗುಂಪೊಂದು 2021ರಲ್ಲಿ ಸ್ಟ್ರೈಡ್-2 ಅನ್ನೋ ಗುರಿಗಳ ಪಟ್ಟಿ ಕೊಟ್ಟಿದೆ. ಅದರಲ್ಲಿ ಕರುಳು ಮಾಯೋದರ ಜೊತೆಗೆ, ಬದುಕಿನ ಗುಣಮಟ್ಟ ಮೊದಲಿನಂತಾಗೋದನ್ನೂ ಚಿಕಿತ್ಸೆಯ ದೂರದ ಗುರಿ ಅಂತ ಬರೆದಿದ್ದಾರೆ. ‘ಪಟ್ಟಿಯಲ್ಲಿದೆ. ಓಪಿಡಿಯಲ್ಲಿ ಟೈಮ್ ಎಲ್ಲಿದೆ? ನೀವು ಹೇಳಿದ್ರೆ ಮಾತ್ರ ಗೊತ್ತಾಗೋದು’ ಅಂದರು. ನಿಮ್ಮಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ, ಡಾಕ್ಟರ್ ಹತ್ತಿರ ಹೋಗೋಕೆ ಮುಂಚೆ ಮಾಡೋದು ಬಿಟ್ಟಿರೋ ಕೆಲಸಗಳನ್ನ ಒಂದು ಚೀಟಿಯಲ್ಲಿ ಬರ್ಕೊಂಡು ಹೋಗಿ. ಆಗೋ ತೊಂದರೆಗಳ ಪಟ್ಟಿ ಹೇಗೂ ಇರುತ್ತೆ, ಇದು ಬೇರೆ ಚೀಟಿ.

ಮುಂದಿನ ತಿಂಗಳು ಅಕ್ಕನ ಮಗಳ ನಾಮಕರಣ ಇತ್ತು. ರೈಲಲ್ಲಿ ಹೋಗೋಣ ಅಂದೆ. ಐದು ಗಂಟೆ ಹತ್ತಿರದ ಪ್ರಯಾಣ, ಬೋಗಿಗೆ ಟಾಯ್ಲೆಟ್ ಇರುತ್ತೆ. ಬಾಗಿಲ ಹತ್ತಿರದ ಸೀಟು ಸಿಕ್ಕಿತು. ಅಮ್ಮ ತುಮಕೂರು ದಾಟೋದರೊಳಗೆ ನಿದ್ದೆ ಹೋದಳು, ಅಥವಾ ಹಾಗೆ ನಟಿಸಿದಳು. ಅರಸೀಕೆರೆಯವರೆಗೆ ಏನೂ ಆಗಲಿಲ್ಲ. ಬೀರೂರಲ್ಲಿ ಧೈರ್ಯ ಮಾಡಿ ಅರ್ಧ ಕಪ್ ಟೀ ಕುಡಿದೆ. ತಪ್ಪಾಯ್ತು. ತರೀಕೆರೆ ಬಿಟ್ಟ ಮೇಲೆ ಎದ್ದು ಹೋದರೆ ಎರಡೂ ಟಾಯ್ಲೆಟ್ಟಿನ ಚಿಲಕ ಬಿದ್ದಿತ್ತು. ಒಂದರೊಳಗೆ ಯಾರೋ ಫೋನಲ್ಲಿ ಸೈಟಿನ ರೇಟು ಮಾತಾಡ್ತಿದ್ದರು. ಬಾಗಿಲು ತಟ್ಟಿದೆ. ‘ಒಂದ್ನಿಮ್ಷ’ ಅಂದರು. ಆ ನಿಮಿಷ ಸ್ವಲ್ಪ ಉದ್ದವಾಯ್ತು. ಬ್ಯಾಗಲ್ಲಿ ಇನ್ನೊಂದು ಜೊತೆ ಬಟ್ಟೆ ಇತ್ತು. ಇಷ್ಟು ಹೇಳಿದರೆ ಸಾಕು.

ವಾಪಸ್ ಬಂದು ಕೂತಾಗ ಅಮ್ಮ ಕಣ್ಣು ಬಿಟ್ಟು ಪ್ಯಾಂಟ್ ನೋಡಿದಳು. ಏನೂ ಕೇಳಲಿಲ್ಲ. ನೀರಿನ ಬಾಟಲ್ ಕೊಟ್ಟಳು. ಅಲ್ಲಿಂದಲೇ ಇಳಿದು ವಾಪಸ್ ಹೋಗಿಬಿಡೋಣ ಅಂತ ಭದ್ರಾವತಿಯಲ್ಲಿ ಒಂದು ಸಲ ಅನ್ನಿಸಿತು. ರೈಲು ಹೊರಟುಬಿಟ್ಟಿತು.

ಅಕ್ಕ ಗೇಟಲ್ಲೇ ನಿಂತಿದ್ದಳು. ನನ್ನ ಕೈಯಿಂದ ಬ್ಯಾಗ್ ತಗೊಂಡು, ಮನೆ ತೋರಿಸ್ತೀನಿ ಬಾ ಅಂತ ಒಳಗೆ ಕರಕೊಂಡು ಹೋದಳು. ಹಾಲ್ ತೋರಿಸಲಿಲ್ಲ, ದೇವರಮನೆ ತೋರಿಸಲಿಲ್ಲ. ನೇರ ಹಿಂದಿನ ರೂಮಿಗೆ ಹೋಗಿ ಒಂದು ಬಾಗಿಲು ತೆಗೆದಳು.

‘ಈ ಬಾತ್‌ರೂಂ ನಿಂಗೆ. ನಾಳೆ ಎಷ್ಟು ಜನ ಬಂದ್ರೂ ಇದಕ್ಕೆ ಯಾರೂ ಬರಲ್ಲ. ಭಾವಂಗೂ ಹೇಳಿದೀನಿ.’

ಅಮ್ಮ ಮಾತು ತಪ್ಪಿದ್ದಳು. ಯಾವಾಗ ಹೇಳಿದಳೋ ಗೊತ್ತಿಲ್ಲ.

‘ಎರಡು ವರ್ಷ ನಿನ್ನ ಬೈಕೊಂಡು ಓಡಾಡಿದೀನಿ ಕಣೋ’ ಅಂದಳು ಅಕ್ಕ. ‘ಒಂದು ಫೋನ್ ಮಾಡಿ ಹೇಳೋಕೆ ಏನಾಗಿತ್ತು ನಿಂಗೆ?’

ಏನಾಗಿತ್ತು ಅಂತ ನನಗೂ ಸರಿಯಾಗಿ ಹೇಳೋಕೆ ಬರಲಿಲ್ಲ. ಮಾರನೇ ದಿನ ಪಂಕ್ತಿಯಲ್ಲಿ ನನ್ನ ಎಲೆಗೆ ಅನ್ನ, ತಿಳಿಸಾರು, ಮಜ್ಜಿಗೆ ಮಾತ್ರ ಬಂತು. ಹೋಳಿಗೆ ಬಡಿಸೋಕೆ ಬಂದ ಚಿಕ್ಕಮ್ಮನನ್ನ ಅಕ್ಕ ಕಣ್ಣಲ್ಲೇ ಮುಂದಕ್ಕೆ ಕಳಿಸಿದಳು.

ಮೂರು ತಿಂಗಳ ಮೇಲೆ ತುಂಬಬೇಕಿದ್ದ ಎರಡನೇ ಫಾರ್ಮ್ ನನ್ನ ಕೈಗೆ ಬಂದಿದ್ದು ಅಲ್ಲಿಂದ ಬಂದ ವಾರದಲ್ಲೇ. ಈ ಸಲ ಒಬ್ಬನೇ ರೂಮಿನ ಬಾಗಿಲು ಹಾಕಿಕೊಂಡು ತುಂಬಿದೆ. ಟಾಯ್ಲೆಟ್ ಚಿಂತೆ: 1. ರೈಲಲ್ಲಿ ಆ ಚಿಂತೆ ಬಿಟ್ಟು ಬೇರೆ ಏನೂ ಇರಲಿಲ್ಲ. ಸುಸ್ತು, ನಿದ್ದೆ, ನಾಚಿಕೆ ಎಲ್ಲ ಹಿಂದಿಗಿಂತ ಕಡಿಮೆ ಅಂಕ. ಬಟ್ಟೆ ಕೊಳೆಯಾದ ಪ್ರಶ್ನೆಗೆ ಮೊದಲ ಸಲ 7 ಹೋಗಿ 5. ಆದರೆ ಕಾರ್ಯಕ್ರಮ ರದ್ದು ಮಾಡಿದಿರಾ ಅನ್ನೋದಕ್ಕೆ 7, ಯಾವ ಅನುಮಾನವೂ ಇಲ್ಲದ 7. ಹೋಗೋದು ತಪ್ಪಿಸಿದಿರಾ ಅನ್ನೋದಕ್ಕೆ 6. ಬೇರೆಯವರು ಅರ್ಥ ಮಾಡಿಕೊಳ್ಳಲ್ಲ ಅನ್ನಿಸಿತಾ ಅನ್ನೋದಕ್ಕೂ ಎರಡು ಅಂಕ ಜಾಸ್ತಿ.

ಕೂಡಿಸಿದರೆ 157.

ಪಿಜಿ ಡಾಕ್ಟರ್ ತಮ್ಮ ಲ್ಯಾಪ್‌ಟಾಪ್ ಶೀಟಲ್ಲಿ ನನ್ನ ಸಾಲು ಹುಡುಕಿದರು. ಹಿಂದಿನದು 158, ಈಗ 157. ಪಕ್ಕದ ಕಾಲಂನಲ್ಲಿ ‘ನೋ ಚೇಂಜ್’ ಅಂತ ತಾನಾಗೇ ಬಂತು. ನನ್ನ ಮುಖ ನೋಡಿ, ‘ಏನ್ ಸರ್?’ ಅಂದರು.

ಫೋನ್ ತೆಗೆದು ಪಾಪುವಿನ ಫೋಟೋ ತೋರಿಸಿದೆ. ನನ್ನ ತೊಡೆ ಮೇಲೆ ಮಲಗಿಸಿಕೊಂಡು ತೆಗೆಸಿದ್ದು.

‘ಏನ್ ಹೆಸರಿಟ್ರಿ?’

ಹೇಳಿದೆ.